ಡಬ್ಬಿಯ ತಳದ ನೀಲಿ ಚುಕ್ಕೆ

ನಮ್ಮ ಔಷಧಿ ಅಂಗಡಿಯ ಕೌಂಟರಿಗೆ ಒಂದು ನೀಲಿ ಪೆನ್ನನ್ನು ದಾರದಲ್ಲಿ ಕಟ್ಟಿ ಹಾಕಿದ್ದೇವೆ. ಕಟ್ಟದಿದ್ದರೆ ಅದು ಮಧ್ಯಾಹ್ನದೊಳಗೆ ಯಾರದೋ ಜೇಬು ಸೇರಿರುತ್ತದೆ. ಈ ವಸತಿ ಸಮುಚ್ಚಯದ ಆರು ಕಟ್ಟಡಗಳಲ್ಲಿ ಸುಮಾರು ಮೂರು ಸಾವಿರ ಮರ್ಯಾದಸ್ಥರು ವಾಸವಾಗಿದ್ದಾರೆ, ಪೆನ್ನಿನ ವಿಷಯದಲ್ಲಿ ಮಾತ್ರ ಒಬ್ಬರನ್ನೂ ನಂಬುವ ಹಾಗಿಲ್ಲ. ಅದೇ ಪೆನ್ನಿನಿಂದ ಆ ವಾರ ಜನ ಸಾಲುಗಟ್ಟಿ ನಿಂತು ಒಂದು ಕಾಗದಕ್ಕೆ ಸಹಿ ಹಾಕಿದರು. ಆರನೇ ಕಟ್ಟಡದ ಹಿಂಭಾಗದ ಕೋಣೆಯಲ್ಲಿರುವ ಕೀಲಿಯವನನ್ನೂ ಅವನ ಅಕ್ಕನನ್ನೂ ಖಾಲಿ ಮಾಡಿಸಬೇಕು ಅನ್ನುವ ಕಾಗದ ಅದು.

ಎಲ್ಲರೂ ದಿನಕ್ಕೊಮ್ಮೆಯಾದರೂ ಹಾದುಹೋಗುವ ಜಾಗ ನಮ್ಮ ಅಂಗಡಿ. ಅದಕ್ಕೇ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಕಾಗದವನ್ನು ಇಲ್ಲೇ ಇಟ್ಟರು. ಅಂಗಡಿಯ ಯಜಮಾನರು ಬೇಡ ಅನ್ನಲಿಲ್ಲ. ಅವರು ಯಾವ ಗಿರಾಕಿಗೂ ಬೇಡ ಅಂದವರಲ್ಲ.

ನನ್ನನ್ನು ಇಲ್ಲಿ ಎಲ್ಲರೂ ಮಾತ್ರೆಯಕ್ಕ ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಈ ಕೌಂಟರಿನ ಹಿಂದೆ ನಿಂತಿದ್ದೇನೆ. ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿಬಿಟ್ಟಿರುವ ಲೈಸೆನ್ಸ್ ಯಜಮಾನರದು, ಊದಿಕೊಂಡ ಕಾಲು ನನ್ನದು. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮೂಲವ್ಯಾಧಿ, ಯಾರ ಮನೆಯಲ್ಲಿ ಗಂಡ ನಿದ್ದೆ ಮಾತ್ರೆಯನ್ನು ಹೆಂಡತಿಗೆ ಗೊತ್ತಾಗದ ಹಾಗೆ ನುಂಗುತ್ತಾನೆ, ಅದೇ ಮನೆಯಲ್ಲಿ ಹೆಂಡತಿ ಅದೇ ಮಾತ್ರೆಯನ್ನು ಗಂಡನಿಗೆ ಗೊತ್ತಾಗದ ಹಾಗೆ ನುಂಗುತ್ತಾಳೆ, ಎಲ್ಲವೂ ನನ್ನ ಹೊಟ್ಟೆಯಲ್ಲಿದೆ. ಅಲ್ಲಿಂದ ಬಾಯಿಗೆ ಬಂದದ್ದಿಲ್ಲ. ಅದೊಂದು ದೊಡ್ಡ ಗುಣ ಅಂತ ನಾನೇ ನನ್ನ ಬೆನ್ನು ತಟ್ಟಿಕೊಂಡದ್ದೂ ಉಂಟು.

ಕೀಲಿಯವನ ವಿಷಯ ಹೇಳುತ್ತೇನೆ. ವಯಸ್ಸು ಮೂವತ್ತೊಂದು. ಗೇಟಿನ ಪಕ್ಕ ಒಂದು ಸ್ಟೂಲು, ಒಂದು ಗ್ರೈಂಡರು, ಹಲಗೆಗೆ ನೇತುಹಾಕಿದ ಇನ್ನೂರು ಖಾಲಿ ಕೀಲಿ, ಇಷ್ಟೇ ಅವನ ಅಂಗಡಿ. ಕೀಲಿ ಕಳೆದುಕೊಂಡವರು, ಬಾಗಿಲು ಎಳೆದುಕೊಂಡು ಹೊರಗೆ ಸಿಕ್ಕಿಬಿದ್ದವರು, ಕೆಲಸದವಳಿಗೊಂದು ನಕಲು ಬೇಕಾದವರು ಎಲ್ಲ ಅವನ ಹತ್ತಿರವೇ ಹೋಗುವುದು. ಅವನಿಗೆ ಸ್ಕಿಜೋಫ್ರೇನಿಯಾ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಶುರುವಾದದ್ದು. ದಿನಕ್ಕೊಂದು ಮಾತ್ರೆ ಒಳಗೆ ಹೋಗುತ್ತಿರುವಷ್ಟು ದಿನ ಅವನಷ್ಟು ಸೌಮ್ಯ ಮನುಷ್ಯ ಈ ಆರು ಕಟ್ಟಡಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅವನಿಗೆ ಹೀಗಿದೆ ಅಂತ ಅವನ ಅಕ್ಕನಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ತಿಂಗಳು ಹದಿನೇಳನೇ ತಾರೀಖಿನ ಹೊತ್ತಿಗೆ ಗೊತ್ತಾಗದವರೇ ಉಳಿಯಲಿಲ್ಲ. ಹಾಡಹಗಲು ಅವನು ನೀರಿನ ಟ್ಯಾಂಕಿನ ಕೆಳಗೆ ನಿಂತು ಮೇಲೆ ನೋಡಿಕೊಂಡು, "ನಾನು ಕದ್ದಿಲ್ಲ, ನಾನು ಯಾರ ಮನೆಯೊಳಗೂ ಹೋಗಿಲ್ಲ, ಬಾಯಿ ಮುಚ್ಚು" ಅಂತ ಟ್ಯಾಂಕಿಗೆ ಉತ್ತರ ಕೊಡತೊಡಗಿದ. ಮಾರನೇ ದಿನ ಮನೆಮನೆಯ ಬಾಗಿಲು ತಟ್ಟಿದ. ತೆಗೆದವರಿಗೆಲ್ಲ ಕೈಮುಗಿದು ಹೇಳಿದ್ದು ಒಂದೇ ಮಾತು: "ಬೀಗ ಬದಲಾಯಿಸಿಬಿಡಿ ಸಾರ್, ಇವತ್ತೇ ಬದಲಾಯಿಸಿ. ನಾನು ಮಾಡಿಕೊಟ್ಟ ಕೀಲಿ ಎಲ್ಲಾ ಅವರ ಹತ್ರ ಇದೆ."

ನಿಮ್ಮ ಮನೆಯ ಕೀಲಿ ಮಾಡಿದವನೇ ಬಂದು ಹೀಗೆ ಹೇಳಿದರೆ ಹೆದರಿಕೆ ಆಗುತ್ತದೆ, ಸರಿ. ಹೆದರಿದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಇವರು ಹೆದರುವುದಕ್ಕೆ ಮುಂಚೆ ಫೋನ್ ತೆಗೆದು ವಿಡಿಯೋ ಮಾಡಿದರು. ನನ್ನ ಕೌಂಟರಿಗೆ ಮೊಣಕೈ ಊರಿ, ಬಿಸ್ಕೆಟ್ ಅಗಿಯುತ್ತ, ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಇಣುಕಿ ನೋಡಿದರು. ಬಿಸ್ಕೆಟ್ಟಿನ ಪುಡಿ ಗಾಜಿನ ಮೇಲೆ ಉದುರುತ್ತಿತ್ತು.

"ಇಲ್ಲಿ ನೋಡ್ರೀ, ಇಲ್ಲಿ, ಟ್ಯಾಂಕಿಗೆ ನಮಸ್ಕಾರ ಹಾಕ್ತಾನೆ!"

"ನಮ್ಮ ಪಂಪಿನವನು ಮಾತಾಡಿದ್ರೂ ಟ್ಯಾಂಕು ಇಷ್ಟು ಕೇಳಲ್ಲ ಬಿಡಿ."

"ಎರಡನೇದು ಕಳಿಸಿ, ಅದರಲ್ಲಿ ಅಳ್ತಾನಂತಲ್ಲ?"

ಅವರು ಹೋದ ಮೇಲೆ ಗಾಜು ಒರೆಸಿದೆ. ಆ ಎಂಜಲು ಪುಡಿ ಅಂಟಿದ ಬಟ್ಟೆಯನ್ನು ತೊಳೆಯದೆ ಕಸಕ್ಕೆ ಎಸೆದೆ. ಇಪ್ಪತ್ತೆರಡು ವರ್ಷದಲ್ಲಿ ಏನೇನೋ ಒರೆಸಿದ್ದೇನೆ, ವಾಂತಿ, ಕಫ, ಮಕ್ಕಳ ಉಚ್ಚೆ. ಅವು ಯಾವುದಕ್ಕೂ ಹೀಗೆ ಮಾಡಿದ್ದಿಲ್ಲ.

ಈಗ ಚುಕ್ಕೆಯ ಕಥೆ. ಒಂಬತ್ತು ವರ್ಷದ ಹಿಂದೆ ಒಬ್ಬ ತಾಯಿ ಅಂಗಡಿ ಖಾಲಿಯಾಗುವ ತನಕ ಕಾದು, ಆಸ್ಪತ್ರೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುಂದಕ್ಕೆ ತಳ್ಳಿದ್ದರು. "ಮಾತ್ರೆ ಶೀಟಿನ ಮೇಲೆ ಹೆಸರಿರುತ್ತೆ ಅಕ್ಕ. ಮನೆಗೆ ನಾಲ್ಕು ಜನ ಬರ್ತಾರೆ, ಹೋಗ್ತಾರೆ. ಏನಾದ್ರೂ ಮಾಡಿಕೊಡಿ." ನಾನು ಮಾಡಿಕೊಟ್ಟೆ. ಮೂಳೆಗೆ ಅಂತ ತಗೊಳ್ಳುವ ಕ್ಯಾಲ್ಸಿಯಂ ಮಾತ್ರೆಯ ಬಿಳಿ ಪ್ಲಾಸ್ಟಿಕ್ ಡಬ್ಬಿ ಇರುತ್ತದಲ್ಲ, ಅಂಥದ್ದೊಂದು ಖಾಲಿ ಡಬ್ಬಿ ತೊಳೆದು ಒಣಗಿಸಿದೆ. ಮೂವತ್ತು ಮಾತ್ರೆಯನ್ನು ಶೀಟಿನಿಂದ ಬಿಡಿಸಿ ಅದರೊಳಗೆ ಹಾಕಿದೆ. ನಿಜವಾದ ಕ್ಯಾಲ್ಸಿಯಂ ಜೊತೆ ಸೇರಿ ಹೋಗಬಾರದಲ್ಲ, ಅದಕ್ಕೆ ಡಬ್ಬಿಯ ತಳದಲ್ಲಿ ದಾರ ಕಟ್ಟಿದ ಪೆನ್ನಿನಿಂದ ಒಂದು ನೀಲಿ ಚುಕ್ಕೆ ಇಟ್ಟೆ. ಆ ತಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ತಾಯಿ ಅಂದರೆ ಕಾರ್ಯದರ್ಶಿಗಳ ಹೆಂಡತಿ. ಕಾಯಿಲೆ ಅವರ ಮಗಳಿಗೆ, ಆಗ ಕಾನೂನು ಓದುತ್ತಿದ್ದ ಹುಡುಗಿ.

ಆಮೇಲೆ ಇನ್ನೊಬ್ಬರು ಬಂದರು. ಆಮೇಲೆ ಮತ್ತೊಬ್ಬರು. ಯಾರೂ ಯಾರಿಗೂ ಹೇಳಿ ಕಳಿಸಿದ್ದಲ್ಲ, ಎಲ್ಲರೂ ಅಂಗಡಿ ಖಾಲಿಯಾಗುವ ತನಕ ತಾವಾಗಿಯೇ ಕಾದು ನಿಂತವರು. ಎರಡನೇ ಕಟ್ಟಡದ ಲೆಕ್ಕದ ಮೇಷ್ಟ್ರು ತಮಗೇ ಬೇಕು ಅಂದರು, ಮೂವತ್ತು ವರ್ಷದಿಂದ ನುಂಗುತ್ತಿದ್ದಾರಂತೆ, ಒಂದು ಪಾಠವನ್ನೂ ತಪ್ಪಿಸಿದವರಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳಿ ಮಕ್ಕಳ ತಾಯಿಗೆ ಮೂವತ್ತೆರಡಕ್ಕೆ ಶುರುವಾಯಿತು. ದಂತವೈದ್ಯರ ತಮ್ಮ, ಹತ್ತೊಂಬತ್ತರ ಹುಡುಗ. ನಿವೃತ್ತ ಪೊಲೀಸ್ ಅಧಿಕಾರಿಯ ಅಳಿಯ. ದಿನಾ ಕನ್ನಡಿ ಮುಂದೆ ಭಾರ ಎತ್ತುವ, ತೋಳು ನನ್ನ ತೊಡೆಯಷ್ಟಿರುವ ಜಿಮ್ಮಿನ ತರುಣ. ಬೇಕರಿಯವರ ಹಿರಿಯ ಮಗ. ಹೀಗೇ ಹತ್ತು ಮನೆ. ಒಬ್ಬೊಬ್ಬರೂ ಹೇಳಿದ್ದು ಮಾತ್ರ ಒಂದೇ: "ಈ ಕಟ್ಟಡಗಳಲ್ಲಿ ನಮಗೊಬ್ಬರಿಗೇ ಹಿಂಗಾಗಿದೆ ಅಕ್ಕ. ದಯವಿಟ್ಟು."

ಕೀಲಿಯವನ ಅಕ್ಕ ಹನ್ನೊಂದನೆಯವಳು. ಅವಳದು ಹೊಲಿಗೆ ಕೆಲಸ, ಶಾಲೆಯ ಸಮವಸ್ತ್ರಗಳ ಜಿಪ್ಪು, ಗುಂಡಿ, ಮಡಿಕೆ ಬಿಚ್ಚುವುದು, ಮಡಿಕೆ ಹಾಕುವುದು. ಅವಳು ಚೀಟಿ ಮಡಿಸಲೂ ಇಲ್ಲ, ಕಾಯಲೂ ಇಲ್ಲ. ಹತ್ತು ಜನರ ನಡುವೆಯೇ ಕೈ ಚಾಚಿ, "ಈ ಮಾತ್ರೆ ಇದೆಯಾ?" ಅಂದಳು. ನಾನೇ ಅವಳನ್ನು ಪಕ್ಕಕ್ಕೆ ಕರೆದು, "ಹಂಗೆಲ್ಲ ಕೇಳಬಾರದಮ್ಮ, ನಿನಗೂ ಡಬ್ಬಿಯಲ್ಲಿ ಹಾಕಿ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂದೆ.

"ಗೊತ್ತಾದರೆ ಏನಕ್ಕ?" ಅಂದಿದ್ದಳು ಅವಳು. ನಾನು ದೊಡ್ಡದಾಗಿ ನಕ್ಕು, "ನಿನಗೆ ಜನ ಗೊತ್ತಿಲ್ಲ" ಅಂದಿದ್ದೆ.

ಪ್ರತಿ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಹನ್ನೊಂದು ಡಬ್ಬಿ ತುಂಬಿ ಚುಕ್ಕೆ ಇಟ್ಟು ಕ್ಯಾಲ್ಸಿಯಂ ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದೆ. ಒಂದೊಂದು ಮನೆಗೆ ಒಂದೊಂದು ತಾರೀಖು. ಹೊಲಿಗೆಯವಳು ಎರಡಕ್ಕೆ ಬರುವವಳು, ಕಾರ್ಯದರ್ಶಿಗಳ ಹೆಂಡತಿ ಎಲ್ಲರಿಗಿಂತ ಕೊನೆಗೆ, ಇಪ್ಪತ್ನಾಲ್ಕಕ್ಕೆ.

ಆ ಇಪ್ಪತ್ನಾಲ್ಕಕ್ಕೂ ಬಂದರು. ಮೊದಲು ಕಾಗದದ ಹತ್ತಿರ ನಿಂತರು. ಹೊಲಿಗೆಯವಳು ಆಗತಾನೆ ಸೂಜಿ ಚುಚ್ಚಿಕೊಂಡ ಬೆರಳಿಗೆ ಪಟ್ಟಿ ತಗೊಂಡು ಹೋಗಿದ್ದಳು, ಕೌಂಟರಿನ ಗಾಜನ್ನು ಮುಟ್ಟಿದ್ದಳು. ಇವರು ಚೀಲದಿಂದ ಒದ್ದೆ ಟಿಶ್ಯೂ ತೆಗೆದು ಗಾಜಿನ ಆ ಜಾಗವನ್ನು ಒರೆಸಿದರು, ಆಮೇಲೆ ಪೆನ್ನನ್ನು ಒರೆಸಿದರು, ಆಮೇಲೆ ಸಹಿ ಹಾಕಿದರು.

"ಪಾಪ, ಅಂಥವರಿಗೂ ಒಂದು ಜಾಗ ಅಂತ ಇರುತ್ತಲ್ಲ ಅಕ್ಕ, ಅಲ್ಲಿ ಇರ್ಲಿ. ನಮ್ಮ ಮಧ್ಯೆ ಯಾಕೆ? ಹೆಣ್ಣುಮಕ್ಕಳಿರೋ ಮನೆಗಳು," ಅಂದರು. ಅದೇ ಉಸಿರಿನಲ್ಲಿ ದನಿ ತಗ್ಗಿಸಿ, "ನನ್ನ ಕ್ಯಾಲ್ಸಿಯಂ," ಅಂದರು.

ನನಗೆ ಅವರ ಮುಖ ನೋಡಲಾಗಲಿಲ್ಲ. ತಿರುಗಿ ಸಾಲಿಗೆ ಕೈ ಹಾಕಿದೆ. ಕೊನೆಯಲ್ಲಿ ಒಂದು ಚುಕ್ಕೆಯ ಡಬ್ಬಿ ಉಳಿದಿರಬೇಕಿತ್ತು. ಎರಡಿದ್ದವು.

ಒಂದನ್ನು ಕೊಟ್ಟು ಕಳಿಸಿದೆ. ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತೆ. ಯಾರದಿದು? ಹತ್ತು ಮನೆಯವರೂ ತಮ್ಮ ತಮ್ಮ ತಾರೀಖಿಗೆ ಬಂದು ಹೋಗಿದ್ದರು. ಹೊಲಿಗೆಯವಳೂ ಬಂದಿದ್ದಳು, ನಾನೇ ಡಬ್ಬಿ ಕೊಟ್ಟದ್ದು ನೆನಪಿದೆ. ಸಾಲಿನ ಪಕ್ಕದ ಹೊಸ ಡಬ್ಬಿಯೊಂದನ್ನು ಎತ್ತಿ ತಳ ನೋಡಿದೆ. ಕಂಪನಿಯವರು ಈ ಸಲ ತಯಾರಿಕೆಯ ದಿನಾಂಕವನ್ನು ಮುಚ್ಚಳದ ಬದಲು ಡಬ್ಬಿಯ ತಳದಲ್ಲಿ ಒತ್ತಿದ್ದರು. ನೀಲಿ ಶಾಯಿಯಲ್ಲಿ.

ಒಮ್ಮೆಲೇ ಎಲ್ಲ ನೆನಪಾಯಿತು. ಎರಡನೇ ತಾರೀಖು ಅಂಗಡಿ ತುಂಬ ಜನ. ಡಬ್ಬಿಯನ್ನು ಬುಡಮೇಲು ಮಾಡಿದೆ, ನೀಲಿ ಕಂಡಿತು, ಕೊಟ್ಟೆ. ಅವಳು ಅಲ್ಲೇ ಮುಚ್ಚಳ ತೆಗೆದು, "ಅಕ್ಕ, ಈ ಸಲ ಮಾತ್ರೆ ದೊಡ್ಡದಾಗಿದೆಯಲ್ಲ?" ಅಂದಳು. ನಾನು ಇನ್ನೊಬ್ಬರಿಗೆ ಚಿಲ್ಲರೆ ಎಣಿಸುತ್ತ, ತಲೆಯೂ ಎತ್ತದೆ, "ಕಂಪನಿ ಬದಲಾಗಿರುತ್ತಮ್ಮ, ಕೊಡು, ಏನಾಗಲ್ಲ" ಅಂದೆ.

ಇಪ್ಪತ್ತೆರಡು ದಿನ ಅವನು ಮೂಳೆಯ ಮಾತ್ರೆ ನುಂಗಿದ್ದ.

ಮಧ್ಯಾಹ್ನ ಅಂಗಡಿಗೆ ಅರ್ಧ ಶಟರ್ ಎಳೆದು ಆರನೇ ಕಟ್ಟಡದ ಹಿಂದಕ್ಕೆ ಹೋದೆ. ಕಾವಲುಗಾರನಿಗೆಂದು ಕಟ್ಟಿದ್ದ ಕೋಣೆ ಅದು, ಸಂಘದವರು ಇವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಹೊಲಿಗೆ ಮಿಷನ್ನಿನ ಕೆಳಗೆ ಬೂದು ಬಣ್ಣದ ಚಡ್ಡಿಗಳ ಗುಡ್ಡೆ. ಕೀಲಿಯವನು ಗೋಡೆಗೆ ಮುಖ ಮಾಡಿ ಮಲಗಿದ್ದ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಅದರ ಮೇಲೆ ಅಂಗೈ ಒತ್ತಿಕೊಂಡಿದ್ದ. ಬಾಗಿಲ ಹೊರಗೆ ಯಾರೋ ಮೀನಿನ ಕಸದ ಚೀಲವನ್ನು ಕಟ್ಟದೆ ಎಸೆದು ಹೋಗಿದ್ದರು. ಮಿಂಚುವ ಹಸಿರು ನೊಣಗಳು. ಆ ನಾತಕ್ಕೆ ಮೂಗು ಮುಚ್ಚಿಕೊಂಡೆ. ಮುಚ್ಚಿಕೊಂಡ ಕೈಯೇ ಡಬ್ಬಿ ಕೊಟ್ಟ ಕೈ.

"ನೀನು ಕೊಡೋ ಮಾತ್ರೆ ತೋರಿಸಮ್ಮ."

ಅವಳು ಗೂಡಿನಿಂದ ಡಬ್ಬಿ ತೆಗೆದು ಕೊಟ್ಟಳು. ಸುಣ್ಣದ ಬಿಲ್ಲೆಯಂಥ ದಪ್ಪ ಮಾತ್ರೆಗಳು, ಎಂಟು ಉಳಿದಿದ್ದವು.

"ಒಂದು ದಿನಾನೂ ತಪ್ಪಿಸಿಲ್ಲ ಅಕ್ಕ," ಅಂದಳು, ನಾನು ಅವಳನ್ನು ಬೈಯಲು ಬಂದಿದ್ದೇನೆ ಅಂದುಕೊಂಡು. "ನುಂಗೋಕೆ ಕಷ್ಟ ಆಗುತ್ತೆ ಅಂತಾನೆ, ಆದರೂ ಮುರಿದು ನುಂಗಿಸಿದೀನಿ. ಯಾಕೆ ಹಿಂಗಾಯ್ತೋ..."

ನಾನು ಹೇಳಿದೆ.

ಅವಳು ಮಿಷನ್ನಿನ ಮುಂದೆ ಕೂತಳು, ಚಡ್ಡಿಯೊಂದನ್ನು ಮಡಿಲಿಗೆ ಎಳೆದುಕೊಂಡಳು, ಅದನ್ನು ಸುಮ್ಮನೆ ಸವರಿದಳು. ಕೊನೆಗೆ, "ನಾನು ಕೇಳಿದೆನಲ್ಲ ಅಕ್ಕ," ಅಂದಳು. "ದೊಡ್ಡದಾಗಿದೆಯಲ್ಲ ಅಂತ ನಾನು ಕೇಳಿದೆನಲ್ಲ."

ಚೀಟಿಯ ಮೇಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಆಸ್ಪತ್ರೆಯ ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಈಗಲೇ ಕರೆದುಕೊಂಡು ಬನ್ನಿ ಅಂದರು. ಆಮೇಲೆ, "ಶೀಟಿನಿಂದ ಬಿಡಿಸಿ ಡಬ್ಬಿಗೆ ಹಾಕಿ ಅಂತ ನಿಮಗೆ ಹೇಳಿದ್ದು ಯಾರು?" ಅಂದರು.

"ಜನ ಕೇಳ್ಕೊಂಡ್ರು ಮೇಡಮ್. ನಾಚಿಕೆ ಪಡ್ತಾರೆ. ತಮಗೊಬ್ಬರಿಗೇ ಬಂದಿರೋದು ಅಂದುಕೊಂಡು..."

"ಎಷ್ಟು ಜನ ಇದೀರಿ ನಿಮ್ಮ ಕಟ್ಟಡಗಳಲ್ಲಿ?"

"ಮೂರು ಸಾವಿರ ಇರಬಹುದು."

"ಮುನ್ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇರೋ ಕಾಯಿಲೆ ಇದು. ಅಂದ್ರೆ ನಿಮ್ಮಲ್ಲೇ ಹತ್ತು ಜನ ಆದ್ರಲ್ಲ. ಅಪರೂಪದ್ದೇನಲ್ಲ ಇದು. ಗಂಡುಮಕ್ಕಳಿಗೆ ಇಪ್ಪತ್ತರ ಆಸುಪಾಸಿಗೆ ಬರುತ್ತೆ, ಹೆಣ್ಣುಮಕ್ಕಳಿಗೆ ಸ್ವಲ್ಪ ತಡವಾಗಿ. ಓದಿದೋರು, ಓದದೇ ಇರೋರು, ದುಡ್ಡಿರೋರು, ಇಲ್ಲದೋರು, ಅದು ನೋಡಿಕೊಂಡು ಬರಲ್ಲ. ನೀವು ಅಷ್ಟು ವರ್ಷದಿಂದ ಮಾತ್ರೆ ಮಾರ್ತೀರಿ, ನಿಮಗೆ ಗೊತ್ತಿರ್ಬೇಕಲ್ಲ?"

ಗೊತ್ತಿತ್ತು. ಅದೇ ಹೇಸಿಗೆ. ಇಡೀ ಸಮುಚ್ಚಯದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಆಟೋ ತರಿಸಿ ಇಬ್ಬರೂ ಸೇರಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದ ಅವನು ನನ್ನ ಮಣಿಕಟ್ಟು ಹಿಡಿದು, "ಮಾತ್ರೆಯಕ್ಕ, ನಿಮ್ಮ ಅಂಗಡಿ ಶಟರಿನ ಬೀಗಾನೂ ಬದಲಾಯಿಸಿ," ಅನ್ನುತ್ತಿದ್ದ. ಸರಿ ಕಣಪ್ಪ, ಬದಲಾಯಿಸ್ತೀನಿ ಅಂದೆ. ಆಸ್ಪತ್ರೆಯವರು ಅವನನ್ನು ಅಲ್ಲೇ ಉಳಿಸಿಕೊಂಡರು.

ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಟಿವಿಯ ಸದ್ದು ಕಡಿಮೆ ಮಾಡಿದರು, ಉಗುರಿನಿಂದ ಹಲ್ಲು ಕೆದಕಿದರು.

"ಆ ಉಳಿದ ಡಬ್ಬಿ ಎಲ್ಲಿದೆ?"

"ಇಲ್ಲೇ ಇದೆ."

"ಎತ್ತಿ ಬಿಸಾಕು. ಕಥೆ ಮುಗೀತು."

"ಭಾನುವಾರ ಸಭೆ ಇದೆ. ಆ ಹುಡುಗನ್ನ ಹೊರಗೆ ಹಾಕ್ತಾರೆ ಯಜಮಾನ್ರೇ. ತಪ್ಪು ನನ್ನದು."

"ತಪ್ಪು ನಿನ್ನದು, ಲೈಸೆನ್ಸು ನಂದು," ಅಂದರು. "ಅವರಿಗೆ ಕೋಣೆ ಹೋದ್ರೆ ಇನ್ನೊಂದು ಕೋಣೆ ಸಿಗುತ್ತೆ. ನಿನಗೆ ಈ ವಯಸ್ಸಲ್ಲಿ ಇನ್ನೊಂದು ಕೌಂಟರ್ ಸಿಗುತ್ತಾ, ಯೋಚನೆ ಮಾಡು. ಬಾಯಿ ಬಿಟ್ಟ ದಿನ ನೀನು ಇಲ್ಲಿ ಇರಲ್ಲ." ಹಲ್ಲಿನಿಂದ ಬಂದದ್ದನ್ನು ನೋಡಿ, ಬೆರಳನ್ನು ಕುರ್ಚಿಯ ಕೆಳಗೆ ಒರೆಸಿದರು. ಟಿವಿಯ ಸದ್ದು ಹೆಚ್ಚು ಮಾಡಿದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂರನೇ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಸಭೆ. ಪ್ಲಾಸ್ಟಿಕ್ ಕುರ್ಚಿಗಳು, ನೆಲದಲ್ಲಿ ಎಣ್ಣೆಯ ಕಲೆಗಳು, ಚಹಾದ ಕಾಗದದ ಲೋಟಗಳು. ನೂರಿಪ್ಪತ್ತು ಜನ ಇದ್ದಿರಬಹುದು. ಹೊಲಿಗೆಯವಳು ಕಂಬದ ಪಕ್ಕ ನಿಂತಿದ್ದಳು. ಅವಳ ಸುತ್ತಲಿನ ಕುರ್ಚಿಗಳು ಖಾಲಿ ಇದ್ದರೂ ಯಾರೂ ಕೂರು ಅನ್ನಲಿಲ್ಲ, ಅವಳೂ ಕೂರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು ಸಹಿಗಳನ್ನು ನೆನಪಿಸಿಕೊಳ್ಳುತ್ತಿದ್ದೆ. ಹತ್ತು ಮನೆಗಳಲ್ಲಿ ಏಳು ಮನೆಯವರು ಸಹಿ ಹಾಕಿದ್ದರು. ಪೊಲೀಸ್ ಅಧಿಕಾರಿಗಳು ಎರಡು ಸಲ, ತಮ್ಮದೊಂದು, ಅಳಿಯನದೊಂದು.

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು ಕಾಗದ ಓದಿದರು. ಅವರಿಗೆ ಎಲ್ಲವೂ ನಿಯಮದ ಪ್ರಕಾರ ಇರಬೇಕು. ಯಾರ ಹೆಸರನ್ನಾದರೂ ಹಾಕಿದರೆ ಮುಂದೆ ಕೋರ್ಟು ಕಚೇರಿ ಅಂತಾದೀತೆಂದು ಅವರು ಜಾಣತನದಿಂದ ಬರೆದಿದ್ದರು: "ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯುತ್ತಿರುವ ಯಾವುದೇ ವ್ಯಕ್ತಿ ಈ ಸಮುಚ್ಚಯದಲ್ಲಿ ವಾಸಿಸತಕ್ಕದ್ದಲ್ಲ."

"ಹೆಸರು ಹಾಕಿಲ್ಲ, ಗಮನಿಸಿ," ಅಂದರು ಹೆಮ್ಮೆಯಿಂದ. "ನಮಗೆ ಯಾರ ಮೇಲೂ ವೈಯಕ್ತಿಕ ದ್ವೇಷ ಇಲ್ಲ."

"ಭಾಷೆ ಚೆನ್ನಾಗಿದೆ ಸಾರ್," ಅಂದ ಒಬ್ಬ.

"ಬೇಗ ಮುಗಿಸಿ ಸಾರ್, ಬಿಸಿಲು ಏರ್ತಾ ಇದೆ," ಅಂದ ಇನ್ನೊಬ್ಬ.

ನಾನು ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. "ಒಂದು ಮಾತು," ಅಂದೆ. "ಆ ಹುಡುಗ ಇಷ್ಟು ವರ್ಷ ಸರಿಯಾಗೇ ಇದ್ದ. ಈ ತಿಂಗಳು ನಾನು ಅವನಿಗೆ ಅವನ ಮಾತ್ರೆ ಬದಲು ಕ್ಯಾಲ್ಸಿಯಂ ಡಬ್ಬಿ ಕೊಟ್ಟುಬಿಟ್ಟೆ. ಅದಕ್ಕೇ ಅವನಿಗೆ ಹಿಂಗಾಗಿದ್ದು. ತಪ್ಪು ನನ್ನದು, ಅವನದಲ್ಲ. ಹೊರಗೆ ಹಾಕೋದಾದ್ರೆ ನನ್ನನ್ನ ಹಾಕಿ."

ಗುಜುಗುಜು ಎದ್ದಿತು. ಯಜಮಾನರು ಎದ್ದು ಹೊರಗೆ ನಡೆದದ್ದು ಕಣ್ಣಂಚಿಗೆ ಕಂಡಿತು.

"ಅದ್ಹೇಗಾಗುತ್ತೆ?" ಅಂದರು ಕಾರ್ಯದರ್ಶಿಗಳು. ಮಗಳ ಔಷಧಿ ತರುವುದು ಹೆಂಡತಿಯ ಕೆಲಸ, ಅದು ಯಾವುದರಲ್ಲಿ ಬರುತ್ತದೆ ಅಂತ ಅವರು ಕಣ್ಣೆತ್ತಿ ನೋಡಿದವರಲ್ಲ. "ಹುಚ್ಚಿನ ಮಾತ್ರೆ ಶೀಟಿನಲ್ಲಿರುತ್ತೆ, ಕ್ಯಾಲ್ಸಿಯಂ ಡಬ್ಬಿಯಲ್ಲಿರುತ್ತೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ವೇನ್ರೀ? ಅದನ್ನ ಡಬ್ಬಿಗೆ ಯಾಕೆ ಹಾಕ್ತೀರಿ ನೀವು?"

ಅವರ ಹೆಂಡತಿ ಪಕ್ಕದಿಂದ ಅವರ ತೋಳು ಎಳೆದರು. ಅವರು ಕೊಡವಿಕೊಂಡರು. "ಇರು. ಹೇಳಿ, ಯಾಕೆ ಹಾಕ್ತೀರಿ?"

"ಜನ ಕೇಳ್ಕೊಳ್ತಾರೆ ಸಾರ್," ಅಂದೆ. "ಬೇರೆಯವರಿಗೆ ಗೊತ್ತಾಗಬಾರದು ಅಂತ. ಹತ್ತು ಮನೆಯವರು ಕೇಳ್ಕೊಂಡಿದಾರೆ. ಹನ್ನೊಂದನೇದು ಇವಳದು. ಇವಳು ಕೇಳಿಯೂ ಇರಲಿಲ್ಲ, ನಾನೇ ಬಲವಂತ ಮಾಡಿದ್ದು."

ಮುಂದಿನ ಸಾಲಿನವರು ಕುರ್ಚಿಯಲ್ಲೇ ತಿರುಗಿ ನನ್ನತ್ತ ನೋಡಿದರು.

"ಹತ್ತಾ?" ಅಂದರು ಯಾರೋ.

"ಇದೇ ಕಾಯಿಲೆಗೆ?"

"ನಮ್ಮ ಕಟ್ಟಡಗಳಲ್ಲಾ?"

ಈಗ ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ಅಯ್ಯೋ ನಮ್ಮ ಮನೆಯಲ್ಲೂ ಇದೆ, ನಾನೊಬ್ಬಳೇ ಅಲ್ಲ ಅಂದುಕೊಂಡು ಉಸಿರು ಬಿಡುತ್ತಾರೆ ಅಂತ ನಾನು ಮೂರ್ಖಳ ಹಾಗೆ ಕಾದೆ. ಜನ ಮಾಡಿದ್ದೇನು ಗೊತ್ತೇ? ಪಕ್ಕದವರನ್ನು ನೋಡಿದರು. ಮೊದಲು ಕಣ್ಣು ತಿರುಗಿದವು, ಆಮೇಲೆ ಕತ್ತು, ಆಮೇಲೆ ಒಂದು ಕುರ್ಚಿ ಕರ್ರ್ ಅಂತ ಅರ್ಧ ಅಡಿ ದೂರ ಸರಿಯಿತು. ನೋಡನೋಡುತ್ತ ಇನ್ನೊಂದು ಸರಿಯಿತು. ಜಿಮ್ಮಿನ ತರುಣನ ತಂದೆ ಬೇಕರಿಯವರನ್ನು ಮೂಸಿ ನೋಡುವ ಹಾಗೆ ನೋಡುತ್ತಿದ್ದರು. ಬೇಕರಿಯವರು ಪೊಲೀಸ್ ಅಧಿಕಾರಿಗಳನ್ನು. ಮೂವರೂ ಪ್ರತಿ ತಿಂಗಳು ನನ್ನ ಮುಂದೆ ಕೈಮುಗಿದವರು.

"ಹೆಸರು ಹೇಳಿ!" ಅಂತ ಕೂಗಿದರು ಹಿಂದಿನಿಂದ.

"ಹೌದು, ಪಾರದರ್ಶಕತೆ ಇರಬೇಕು!"

"ಹೇಳಲ್ಲ," ಅಂದೆ. "ನಾಲಿಗೆ ಕಿತ್ತರೂ ಹೇಳಲ್ಲ."

ಆಗ ಲೆಕ್ಕದ ಮೇಷ್ಟ್ರು ಎದ್ದರು. ಸಹಿ ಹಾಕದ ಮೂರು ಮನೆಗಳಲ್ಲಿ ಅವರದೂ ಒಂದು. ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಕಾರ್ಯದರ್ಶಿಗಳೇ, ಸಣ್ಣ ಲೆಕ್ಕ," ಅಂದರು. "ನಿಮ್ಮ ಕಾಗದದಲ್ಲಿ ಯಾವುದೇ ವ್ಯಕ್ತಿ ಅಂತಿದೆ. ಅದು ಪಾಸಾದ್ರೆ ಖಾಲಿ ಮಾಡಬೇಕಾದ್ದು ಒಂದು ಕೋಣೆಯಾ, ಹನ್ನೊಂದು ಮನೆಯಾ?"

ಕಾರ್ಯದರ್ಶಿಗಳು ಕಾಗದವನ್ನು ನೋಡಿದರು. ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಅವರಿಗೆ ಏನು ಕಂಡಿತೋ, ಕೈಯಲ್ಲಿದ್ದ ಚಹಾ ಷರಟಿನ ಮೇಲೆ ಚೆಲ್ಲಿತು. "ಭಾಷೆಯನ್ನ... ಇನ್ನೊಮ್ಮೆ ಪರಿಶೀಲಿಸಬೇಕಾಗುತ್ತೆ," ಅಂದರು. ಕಾಗದ ಮಡಿಸಿದರು. ನಾಲ್ಕು ಮಡಿಕೆ.

ಯಾರೂ ವಿರೋಧಿಸಲಿಲ್ಲ. ವಿರೋಧಿಸಿದವರ ಮನೆ ಹನ್ನೊಂದರಲ್ಲಿ ಇಲ್ಲ ಅಂತಲೋ, ಇದೆ ಅಂತಲೋ ಏನಾದರೊಂದು ಅರ್ಥ ಬಂದುಬಿಡುತ್ತದಲ್ಲ, ಆ ಭಯ. ಹೀಗೆ ಕೀಲಿಯವನ ಕೋಣೆ ಉಳಿಯಿತು. ಕರುಣೆಯಿಂದ ಉಳಿದದ್ದಲ್ಲ ಅದು, ನೆನಪಿರಲಿ. ಒಬ್ಬರಿಗೂ ಅವನ ಮೇಲೆ ಕರುಣೆ ಬರಲಿಲ್ಲ.

ಮಾರನೇ ದಿನದಿಂದ ಒಬ್ಬೊಬ್ಬರಾಗಿ ಬಂದರು, ಮತ್ತೆ ಅಂಗಡಿ ಖಾಲಿಯಾಗುವ ತನಕ ಕಾದು. ಬಯ್ಯಲು ಬಂದಿದ್ದಾರೆ ಅಂದುಕೊಂಡೆ. ಬೈದಿದ್ದರೆ ಒಂದು ಮರ್ಯಾದೆ ಇರುತ್ತಿತ್ತು.

"ಉಳಿದ ಒಂಬತ್ತು ಯಾರು ಅಕ್ಕ?" ಅಂದರು ದಂತವೈದ್ಯರು, ಗಾಜಿನ ಮೇಲೆ ಬಾಗಿ, ಲವಂಗದೆಣ್ಣೆ ನಾತದ ಉಸಿರು ಬಿಡುತ್ತ. "ನನಗೊಬ್ಬನಿಗೇ ಹೇಳಿ. ನನ್ನ ಹೊಟ್ಟೆಯಲ್ಲೇ ಇರುತ್ತೆ."

"ಎರಡನೇ ಕಟ್ಟಡದ ಆ ಮೂಲೆ ಮನೆಯವರು ತಾನೇ? ನಂಗೆ ಮೊದಲಿಂದ ಅನುಮಾನ," ಅಂದರು ಬೇಕರಿಯವರು.

ಕಾರ್ಯದರ್ಶಿಗಳ ಹೆಂಡತಿ ಎರಡು ಸಲ ಬಂದರು. "ಸುಮ್ಮನೆ ತಲೆ ಅಲ್ಲಾಡಿಸಿ ಸಾಕು. ಬ್ಯಾಂಕಿನವಳಾ?"

ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಬಂದು ಇದನ್ನೇ ಕೇಳಿದರು. ಆ ಹುಡುಗ ಹೇಗಿದ್ದಾನೆ ಅಂತ ಒಬ್ಬರೂ ಕೇಳಲಿಲ್ಲ. ಅದನ್ನು ಕೇಳಿದವರು ಮೇಷ್ಟ್ರು ಮಾತ್ರ, ಅವರೂ ದೂರದಿಂದ, ಊರುಗೋಲು ಎತ್ತಿ ಸನ್ನೆಯಲ್ಲಿ. ಇಷ್ಟು ವರ್ಷ ಇವರ ಗುಟ್ಟು ಕಾಯುತ್ತಿದ್ದೇನೆ ಅಂತ ಬೀಗಿದೆನಲ್ಲ, ನಾನು ನಿಜವಾಗಿ ಸಾಕಿ ಬೆಳೆಸಿದ್ದು ಇದನ್ನು. ತಿಂಗಳು ತಿಂಗಳು, ಒಂದೊಂದು ಚುಕ್ಕೆ ಇಟ್ಟು.

ಯಜಮಾನರು ತಿಂಗಳ ಕೊನೆಗೆ ಹೊರಡು ಅಂದರು. ಆಮೇಲೆ, ಬೇರೆಯವರು ಸಿಗಲಿಲ್ಲವೋ ಏನೋ, ಇನ್ನೊಂದು ವಾರ ಇರು ಅಂದರು. ಆ ವಾರದಲ್ಲಿ ನಾನು ಇದ್ದಬದ್ದ ಖಾಲಿ ಡಬ್ಬಿಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ಕಸಕ್ಕೆ ಹಾಕಿದೆ. ಇನ್ನು ಶೀಟಿನಲ್ಲೇ, ಬೇಕಾದವರು ತಗೊಳ್ಳಲಿ, ಬೇಡದವರು ಪಕ್ಕದ ರಸ್ತೆಯ ಅಂಗಡಿಗೆ ಹೋಗಲಿ. ಮೂವರು ಹೋದರು.

ಎರಡನೇ ತಾರೀಖು ಹೊಲಿಗೆಯವಳು ಬಂದಳು. ಅಂಗಡಿ ತುಂಬ ಜನ. ಅವಳ ತಮ್ಮ ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದ, ಗೇಟಿನ ಪಕ್ಕ ಸ್ಟೂಲಿನ ಮೇಲೆ ಕೂತು ಒಂದು ಕೀಲಿಯನ್ನು ಅರದಿಂದ ಉಜ್ಜುತ್ತಿದ್ದ. ಎದುರು ಗಿರಾಕಿಯಿಲ್ಲ. ಯಾರೂ ಇನ್ನು ಅವನ ಹತ್ತಿರ ಕೀಲಿ ಮಾಡಿಸುವುದಿಲ್ಲ. ಇದ್ದಬದ್ದವರೆಲ್ಲ ಬೀಗ ಬದಲಾಯಿಸಿ ಆಗಿತ್ತು, ಅವನು ಹೇಳಿದ ಹಾಗೆಯೇ.

ನಾನು ಮೂರು ಶೀಟು ತೆಗೆದು ಅವಳ ಮುಂದಿಟ್ಟೆ. ಅವಳು ನನ್ನ ಮುಖ ನೋಡಲಿಲ್ಲ. ಶೀಟನ್ನು ಬೆಳಕಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಚೀಟಿ. ಓದು ಬಾರದವಳಲ್ಲ, ಆದರೆ ನಿಧಾನ.

"ತಡಿ ಅಕ್ಕ," ಅಂದಳು. "ನಾನೇ ನೋಡ್ತೀನಿ."

ಶೀಟಿನ ಬೆನ್ನಿನ ಮೇಲೆ ಬೆರಳಿಟ್ಟು ಮಾತ್ರೆಯ ಹೆಸರನ್ನು ಒಂದೊಂದೇ ಅಕ್ಷರ ಜೋಡಿಸಿ ಗಟ್ಟಿಯಾಗಿ ಓದಿದಳು. ಚೀಟಿಯಲ್ಲಿದ್ದುದನ್ನೂ ಹಾಗೆಯೇ ಓದಿದಳು. ಎಷ್ಟು ಮಿಲಿಗ್ರಾಂ ಅನ್ನುವುದನ್ನು ಓದಿದಳು. ಎರಡನೇ ಶೀಟು. ಮೂರನೇ ಶೀಟು. ಅವಳ ಹಿಂದೆ ನಾಲ್ಕನೆಯವರಾಗಿ ಕಾರ್ಯದರ್ಶಿಗಳ ಹೆಂಡತಿ ನಿಂತಿದ್ದರು, ತಲೆನೋವಿನ ಮುಲಾಮಿಗೋ ಏನಕ್ಕೋ. ತಮ್ಮ ಮನೆಯ ಗೂಡಿನಲ್ಲಿ ಒಂಬತ್ತು ವರ್ಷದಿಂದ ಬಚ್ಚಿಟ್ಟ ಹೆಸರನ್ನು ಈ ಹೆಂಗಸು ಸಂತೆಯಲ್ಲಿ ಕೂಗುವ ಹಾಗೆ ಕೂಗುತ್ತಿದ್ದರೆ, ಅವರು ಕೈಚೀಲದ ಜಿಪ್ಪನ್ನು ಎಳೆಯುತ್ತ, ಬಿಡುತ್ತ, ಎಳೆಯುತ್ತ, ನೆಲ ನೋಡುತ್ತಿದ್ದರು.

"ಇದೇನಾ ಅಕ್ಕ?" ಅಂತ ಕೊನೆಗೆ ನನ್ನನ್ನು ಕೇಳಿದಳು.

ಈ ಸಲ ತಲೆ ಎತ್ತಿದೆ. ಶೀಟನ್ನು ಅವಳ ಕೈಯಿಂದ ತಗೊಂಡು ನಾನೂ ಓದಿದೆ, ಅವಳಷ್ಟೇ ಗಟ್ಟಿಯಾಗಿ, ಪ್ರತಿಯೊಂದು ಅಕ್ಷರವನ್ನೂ.

"ಇದೇ ಕಣಮ್ಮ," ಅಂದೆ.